ಗಂಡನ ಸಹಿ: ಕಾನೂನು ಕೇಳದ್ದನ್ನು ಆಸ್ಪತ್ರೆ ಕೇಳುವುದೇಕೆ?

ಹದಿನೆಂಟು ತುಂಬಿದ ಹೆಣ್ಣೊಬ್ಬಳ ಗರ್ಭಪಾತಕ್ಕೆ ಯಾರ ಒಪ್ಪಿಗೆ ಬೇಕು? ಆಸ್ಪತ್ರೆಗಳಲ್ಲಿ ಎಂಟಿಪಿ ಕಾಯ್ದೆ ಎಂದು ಕರೆಯುವ 1971ರ ವೈದ್ಯಕೀಯ ಗರ್ಭಪಾತ ಕಾಯ್ದೆ ಇದಕ್ಕೆ ಅನುಮಾನಕ್ಕೆ ಎಡೆಯಿಲ್ಲದಂತೆ ಉತ್ತರಿಸುತ್ತದೆ: ಅವಳ ಒಪ್ಪಿಗೆ ಸಾಕು. ಹದಿನೆಂಟು ತುಂಬದ ಹುಡುಗಿಗೆ ಮತ್ತು ಮಾನಸಿಕ ಅಸ್ವಸ್ಥತೆ ಇರುವವರಿಗೆ ಮಾತ್ರ ಪೋಷಕರ ಲಿಖಿತ ಒಪ್ಪಿಗೆ ಬೇಕು. ಗಂಡ, ಅತ್ತೆ, ತಂದೆ, ಅಣ್ಣ ಇವರಲ್ಲಿ ಯಾರ ಸಹಿಯನ್ನೂ ಕಾಯ್ದೆ ಕೇಳುವುದಿಲ್ಲ. ಅವಳು ಸಹಿ ಹಾಕಬೇಕಾದ ‘ನಮೂನೆ ಸಿ’ ಎಂಬ ಕಾಗದದಲ್ಲಿ ಗಂಡನ ಸಹಿಗೆಂದು ಜಾಗವನ್ನೇ ಬಿಟ್ಟಿಲ್ಲ.

ಹೀಗಿದ್ದೂ ಹೆರಿಗೆ ವಿಭಾಗದ ಮೇಜಿನ ಮುಂದೆ ಒಬ್ಬಳೇ ನಿಂತ ಹೆಂಗಸಿಗೆ ಮೊದಲು ಎದುರಾಗುವ ಪ್ರಶ್ನೆ, ‘ಜೊತೆಗೆ ಯಾರು ಬಂದಿದ್ದಾರೆ?’ ಎಂಬುದು. ಆಮೇಲಿನದು, ‘ಯಜಮಾನರು ಎಲ್ಲಿ? ಅವರ ಸಹಿ ಬೇಕು’. ಇದು ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಸೀಮಿತವಾದ ರೂಢಿಯೇನೂ ಅಲ್ಲ. ಮನೆಯವರ ಒಪ್ಪಿಗೆ, ದಾಖಲೆ ಪತ್ರ, ಕೋರ್ಟಿನ ಆದೇಶ ಎಂದೆಲ್ಲ ಕಾನೂನಿನಲ್ಲಿ ಇಲ್ಲದ ಷರತ್ತುಗಳನ್ನು ವೈದ್ಯರು ಹಾಕುತ್ತಿದ್ದಾರೆ, ಅದನ್ನು ನಿಲ್ಲಿಸಬೇಕು ಎಂದು 2022ರ ಸೆಪ್ಟೆಂಬರ್ 29ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಆದರೆ ಉತ್ತರ ಕನ್ನಡದಂಥ ಜಿಲ್ಲೆಯಲ್ಲಿ ಈ ರೂಢಿ ಮಾಡುವ ಘಾಸಿ ಬೇರೆ ಬಗೆಯದು ಎಂಬುದು ನನ್ನ ವಾದ. ಬೆಂಗಳೂರಿನಲ್ಲಿ ಒಬ್ಬ ವೈದ್ಯರು ಆಗುವುದಿಲ್ಲ ಎಂದರೆ ಮುಂದಿನ ರಸ್ತೆಯಲ್ಲಿ ಇನ್ನೊಬ್ಬರು ಸಿಗುತ್ತಾರೆ. ಇಲ್ಲಿ ಮುಂದಿನ ಆಸ್ಪತ್ರೆ ಘಟ್ಟದ ಮೇಲಿರುತ್ತದೆ, ಇಲ್ಲವೇ ಗೋವಾದ ಗಡಿಯಾಚೆ, ಇಲ್ಲವೇ ಮಂಗಳೂರಿನಲ್ಲಿ. ಎರಡನೆಯ ಬಾಗಿಲು ಇಲ್ಲದ ಕಡೆ ಮೊದಲ ಬಾಗಿಲಿನ ರೂಢಿಯೇ ಕಾನೂನಾಗಿಬಿಡುತ್ತದೆ.

ಮೊದಲು ಆ ‘ಯಜಮಾನರು’ ಎಲ್ಲಿದ್ದಾರೆ ಎಂದು ನೋಡೋಣ. ಜೂನ್ ಮತ್ತು ಜುಲೈನ 61 ದಿನಗಳ ಮೀನುಗಾರಿಕೆ ನಿಷೇಧದ ಅವಧಿ ಬಿಟ್ಟರೆ ಕರಾವಳಿಯ ಎಷ್ಟೋ ಗಂಡಸರು ಸಮುದ್ರದ ಮೇಲೆಯೇ ಇರುತ್ತಾರೆ. ಆಳಸಮುದ್ರಕ್ಕೆ ಹೋದ ಟ್ರಾಲ್ ದೋಣಿ ಎಂಟು ಹತ್ತು ದಿನ ದಡ ಕಾಣುವುದಿಲ್ಲ. ಕಾರವಾರ, ಅಂಕೋಲಾ, ಜೊಯಿಡಾದ ಕಡೆಯವರು ದುಡಿಮೆಗೆ ಗೋವಾಕ್ಕೆ ಹೋಗಿ ವಾರಕ್ಕೊಮ್ಮೆ, ತಿಂಗಳಿಗೊಮ್ಮೆ ಬರುತ್ತಾರೆ. ಭಟ್ಕಳದ ಮನೆಗಳಲ್ಲಿ ಗಂಡ ಕೊಲ್ಲಿ ದೇಶಗಳಲ್ಲಿರುವುದು ತಲೆಮಾರುಗಳಿಂದ ಬಂದ ಬದುಕು. ಹೊನ್ನಾವರದ, ಕುಮಟಾದ ಹುಡುಗರು ಮಲ್ಪೆಯ ದೋಣಿಗಳಲ್ಲಿ ದುಡಿಯುತ್ತಾರೆ. ಮನೆ, ಮಕ್ಕಳು, ವಯಸ್ಸಾದವರು, ಬ್ಯಾಂಕಿನ ಸಾಲ, ರೇಷನ್ ಕಾರ್ಡು ಎಲ್ಲವನ್ನೂ ಒಬ್ಬಳೇ ನಿಭಾಯಿಸುವ ಹೆಂಗಸಿಗೆ ತನ್ನ ದೇಹದ ವಿಷಯ ಬಂದಾಗ ಮಾತ್ರ ‘ಅವರು ಬಂದ ಮೇಲೆ ಬಾ’ ಎನ್ನಲಾಗುತ್ತದೆ. ಆ ಮಾತಿನಲ್ಲಿ ಹೋಗುವುದು ಹತ್ತು ದಿನ, ಕೆಲವೊಮ್ಮೆ ಒಂದು ತಿಂಗಳು.

ಒಂದು ತಿಂಗಳು ಎಂದರೆ ಈ ಕಾಯ್ದೆಯ ಲೆಕ್ಕದಲ್ಲಿ ದೊಡ್ಡ ಅವಧಿ. 2021ರಲ್ಲಿ ತಿದ್ದುಪಡಿಯಾಗಿ ಆ ವರ್ಷದ ಸೆಪ್ಟೆಂಬರ್ 24ರಿಂದ ಜಾರಿಗೆ ಬಂದ ಕಾನೂನು ವಾರಗಳ ಮೇಲೆ ನಿಂತಿದೆ. ಒಂಬತ್ತು ವಾರದವರೆಗೆ ಮಾತ್ರೆಯಿಂದ ಆಗುತ್ತದೆ. ಹನ್ನೆರಡು ವಾರದವರೆಗೆ ತರಬೇತಿ ಪಡೆದ ಎಂಬಿಬಿಎಸ್ ವೈದ್ಯರು ಮಾಡಬಹುದು. ಅಲ್ಲಿಂದ ಮುಂದೆ ಸ್ತ್ರೀರೋಗ ತಜ್ಞರು, ಅಥವಾ ಆ ವಿಭಾಗದಲ್ಲಿ ನಿಗದಿತ ಅನುಭವ ಇರುವವರೇ ಆಗಬೇಕು. ಇಪ್ಪತ್ತು ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. ಇಪ್ಪತ್ತರಿಂದ ಇಪ್ಪತ್ತನಾಲ್ಕರವರೆಗೆ ಇಬ್ಬರು ವೈದ್ಯರು ಒಪ್ಪಬೇಕು, ಜೊತೆಗೆ ಅವಳು ನಿಯಮ ಹೇಳುವ ಗುಂಪುಗಳಲ್ಲಿ ಒಂದಕ್ಕೆ ಸೇರಿರಬೇಕು: ಅತ್ಯಾಚಾರಕ್ಕೆ ಒಳಗಾದವಳು, ಅಪ್ರಾಪ್ತೆ, ಗರ್ಭಿಣಿಯಾಗಿದ್ದಾಗಲೇ ವಿಧವೆಯಾದವಳು ಅಥವಾ ವಿಚ್ಛೇದನ ಪಡೆದವಳು, ಅಂಗವಿಕಲೆ, ಮಾನಸಿಕ ಅಸ್ವಸ್ಥೆ, ಭ್ರೂಣದಲ್ಲಿ ಗಂಭೀರ ದೋಷ ಇರುವವಳು, ಸರ್ಕಾರ ಘೋಷಿಸಿದ ವಿಪತ್ತು ಅಥವಾ ತುರ್ತು ಪರಿಸ್ಥಿತಿಯಲ್ಲಿ ಸಿಕ್ಕವಳು. ಇಪ್ಪತ್ತನಾಲ್ಕು ದಾಟಿದರೆ ಭ್ರೂಣದ ಗಂಭೀರ ದೋಷಕ್ಕೆ ಮಾತ್ರ, ಅದೂ ವೈದ್ಯಕೀಯ ಮಂಡಳಿ ಒಪ್ಪಿದರೆ ಮಾತ್ರ. ತಾಯಿಯ ಜೀವ ಉಳಿಸಲು ತಕ್ಷಣ ಮಾಡಲೇಬೇಕಾದ ಸಂದರ್ಭಕ್ಕೆ ಈ ಯಾವ ಮಿತಿಯೂ ಇಲ್ಲ.

ಈಗ ಈ ವಾರಗಳನ್ನು ನಮ್ಮ ಜಿಲ್ಲೆಯ ನಕ್ಷೆಯ ಮೇಲೆ ಇಟ್ಟು ನೋಡಿ. ಜೊಯಿಡಾದ ಒಳಹಳ್ಳಿಯ ಒಬ್ಬಾಕೆಯನ್ನು ಊಹಿಸಿಕೊಳ್ಳಿ. ಇಬ್ಬರು ಮಕ್ಕಳಿದ್ದಾರೆ, ಗಂಡ ಗೋವಾದಲ್ಲಿದ್ದಾನೆ, ಮುಟ್ಟು ನಿಂತದ್ದು ಆಕೆಗೆ ಖಾತ್ರಿಯಾಗುವಾಗಲೇ ಏಳು ವಾರ. ಬಸ್ಸು ಹಿಡಿದು ದಾಂಡೇಲಿಗೋ ಹಳಿಯಾಳಕ್ಕೋ ಬರುವ ಹೊತ್ತಿಗೆ ಎಂಟು. ‘ಯಜಮಾನರನ್ನು ಕರೆದುಕೊಂಡು ಬಾ’ ಎಂದರೆ ಹತ್ತೋ ಹನ್ನೊಂದೋ ಆಗುತ್ತದೆ. ಅಷ್ಟರಲ್ಲಿ ಮಾತ್ರೆಯ ಕಾಲ ಮುಗಿದಿದೆ. ಆಮೇಲೆ ಸ್ಕ್ಯಾನಿಂಗ್ ವರದಿ ತಾ ಎಂದರೆ, ಅರಿವಳಿಕೆ ತಜ್ಞರು ಈ ವಾರ ಇಲ್ಲ ಎಂದರೆ, ಹನ್ನೆರಡು ದಾಟುತ್ತದೆ. ಅಲ್ಲಿಂದ ಹುಬ್ಬಳ್ಳಿಗೆ ಬರೆದುಕೊಡುತ್ತಾರೆ. ಎಂಟನೆಯ ವಾರದಲ್ಲಿ ಒಂದು ಚೀಟಿ ಮತ್ತು ಕೆಲವು ಮಾತ್ರೆಗಳಲ್ಲಿ ಮುಗಿಯಬೇಕಿದ್ದದ್ದು ಹದಿನಾಲ್ಕನೆಯ ವಾರದಲ್ಲಿ ಪರ ಊರಿನ ಆಸ್ಪತ್ರೆವಾಸ, ಕೂಲಿ ನಷ್ಟ, ಮಕ್ಕಳನ್ನು ಯಾರದೋ ಮನೆಯಲ್ಲಿ ಬಿಡುವ ಪಾಡಾಗುತ್ತದೆ. ಕಾನೂನು ಆಕೆಗೆ ಇಪ್ಪತ್ತು ವಾರ ಕೊಟ್ಟಿದೆ, ನಿಜ. ಆದರೆ ಪ್ರತಿ ವಿಳಂಬವೂ ಆಕೆಯನ್ನು ಮುಂದಿನ ಊರಿಗೆ, ಇನ್ನಷ್ಟು ಖರ್ಚಿಗೆ, ಇನ್ನಷ್ಟು ಅಪಾಯಕ್ಕೆ ತಳ್ಳುತ್ತದೆ.

ಇಪ್ಪತ್ತರ ಆಸುಪಾಸಿನ ಗೋಳು ಇನ್ನೂ ದೊಡ್ಡದು. ಭ್ರೂಣದ ಅಂಗಾಂಗ ದೋಷ ಪತ್ತೆ ಮಾಡುವ ಸ್ಕ್ಯಾನಿಂಗ್ ನಡೆಯುವುದೇ ಹದಿನೆಂಟರಿಂದ ಇಪ್ಪತ್ತನೆಯ ವಾರದ ನಡುವೆ. ಅದರಲ್ಲಿ ಅನುಮಾನ ಬಂದರೆ ಇನ್ನೊಬ್ಬ ತಜ್ಞರ ಸ್ಕ್ಯಾನಿಂಗ್ ಬೇಕು. ಅದಕ್ಕೆ ಕುಮಟಾ, ಹೊನ್ನಾವರದವರು ಮಣಿಪಾಲ, ಮಂಗಳೂರಿನ ಕಡೆ ಹೋಗುತ್ತಾರೆ. ಶಿರಸಿ, ಯಲ್ಲಾಪುರ, ಮುಂಡಗೋಡದವರು ಹುಬ್ಬಳ್ಳಿಗೆ. ಕಾರವಾರದವರಲ್ಲಿ ಹಲವರು ಗೋವಾದ ಬಾಂಬೋಲಿಮ್‌ಗೆ. ಅಷ್ಟರಲ್ಲಿ ಇಪ್ಪತ್ತನಾಲ್ಕು ವಾರ ದಾಟಿದರೆ ವೈದ್ಯಕೀಯ ಮಂಡಳಿಗೆ ಹೋಗಬೇಕು. ಮಂಡಳಿ ಅರ್ಜಿ ಬಂದ ಮೂರು ದಿನದೊಳಗೆ ಅಭಿಪ್ರಾಯ ಕೊಡಬೇಕು, ಒಪ್ಪಿದರೆ ಐದು ದಿನದೊಳಗೆ ಗರ್ಭಪಾತ ಆಗಬೇಕು ಎಂದು ನಿಯಮ ಹೇಳುತ್ತದೆ. ಗಡುವು ಚೆನ್ನಾಗಿದೆ. ಮಂಡಳಿಯ ಮುಂದೆ ಹೋಗಿ ನಿಲ್ಲುವ ದಾರಿಗೆ ಮಾತ್ರ ಯಾವ ಗಡುವೂ ಇಲ್ಲ. ಮಂಡಳಿ ಒಪ್ಪದಿದ್ದರೆ ಉಳಿಯುವುದು ಹೈಕೋರ್ಟು, ನಮ್ಮ ಜಿಲ್ಲೆಗೆ ಅದು ಧಾರವಾಡ ಪೀಠ. ತುಂಬು ಬಸಿರಿನ ಹೆಂಗಸು ಅರಬೈಲು ಘಟ್ಟ ಹತ್ತಿ ವಕೀಲರನ್ನು ಹುಡುಕಬೇಕು.

ಮಳೆಗಾಲದಲ್ಲಿ ಈ ದಾರಿಗಳೇ ಕುಸಿಯುತ್ತವೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಮುಚ್ಚಿಹೋಯಿತು. ಅಂಥ ದಿನಗಳಲ್ಲಿ ಆ ಹೆದ್ದಾರಿಯ ಒಂದು ಬದಿಯಲ್ಲಿರುವ ಹತ್ತೊಂಬತ್ತು ವಾರದ ಗರ್ಭಿಣಿಗೆ ಇನ್ನೊಂದು ಬದಿಯ ಆಸ್ಪತ್ರೆ ಇಲ್ಲದಂತೆಯೇ ಸರಿ. ವಿಪತ್ತಿನಲ್ಲಿ ಸಿಕ್ಕವರಿಗೆ ಇಪ್ಪತ್ತನಾಲ್ಕು ವಾರದವರೆಗೆ ಅವಕಾಶ ಕೊಡುವ ಉಪನಿಯಮ ಇರುವುದು ಇಂಥವರಿಗಾಗಿಯೇ. ಆದರೆ ಅದು ಅನ್ವಯಿಸಲು ಸರ್ಕಾರದ ಘೋಷಣೆ ಬೇಕು. ಪ್ರತಿ ಮಳೆಗಾಲದ ವಿಪತ್ತು ನಿರ್ವಹಣಾ ಸಭೆಯಲ್ಲಿ ದೋಣಿ, ಜೆಸಿಬಿ, ಕಾಳಜಿ ಕೇಂದ್ರಗಳ ಜೊತೆಗೆ ಇದನ್ನೂ ಒಂದು ವಿಷಯವಾಗಿ ಸೇರಿಸುವುದಕ್ಕೆ ಖರ್ಚೇನೂ ಇಲ್ಲ.

ವಿಧವೆಯ ಗುಂಪಿನ ಬಗ್ಗೆಯೂ ಕರಾವಳಿಗೆ ವಿಶೇಷವಾದ ಒಂದು ತೊಡಕಿದೆ. ಸಮುದ್ರದಲ್ಲಿ ಕಾಣೆಯಾದ ಮೀನುಗಾರನ ದೇಹ ಸಿಗದಿದ್ದರೆ ಸಾಕ್ಷ್ಯ ಕಾನೂನಿನ ಪ್ರಕಾರ ಏಳು ವರ್ಷ ಸುದ್ದಿಯಿಲ್ಲದೆ ಕಳೆದ ಮೇಲಷ್ಟೇ ಆತ ಸತ್ತನೆಂದು ಭಾವಿಸಬಹುದು. ಅಲ್ಲಿಯವರೆಗೆ ಕಾಗದದ ಮೇಲೆ ಆಕೆ ವಿಧವೆಯಲ್ಲ. 2022ರ ತೀರ್ಪು ಇಲ್ಲಿ ನೆರವಿಗೆ ಬರುತ್ತದೆ. ವೈವಾಹಿಕ ಸ್ಥಿತಿ ಬದಲಾದವರು ಎಂಬ ಉಪನಿಯಮವನ್ನು ಬದುಕಿನ ಪರಿಸ್ಥಿತಿಯಲ್ಲಿ ಆದ ಗಣನೀಯ ಬದಲಾವಣೆ ಎಂಬ ಅರ್ಥದಲ್ಲಿ ಓದಬೇಕು ಎಂದು ಕೋರ್ಟು ಹೇಳಿತು. ಮದುವೆಯಾಗದವರಿಗೂ, ಸಂಗಾತಿ ಕೈಬಿಟ್ಟವರಿಗೂ ಇಪ್ಪತ್ತನಾಲ್ಕು ವಾರದ ಅವಕಾಶ ಸಿಕ್ಕಿದ್ದು ಆ ಓದಿನಿಂದಲೇ. ಅದೇ ತೀರ್ಪು ಈ ಕಾಯ್ದೆಯ ಮಟ್ಟಿಗೆ ಗಂಡನ ಬಲಾತ್ಕಾರವನ್ನೂ ಅತ್ಯಾಚಾರವೆಂದು ಎಣಿಸಿತು. ಹೆಣ್ಣೆಂದು ಗುರುತಿಸಿಕೊಳ್ಳದ, ಆದರೆ ಗರ್ಭ ಧರಿಸಬಲ್ಲ ವ್ಯಕ್ತಿಗಳಿಗೂ ಈ ಹಕ್ಕು ಇದೆ ಎಂದಿತು. ಈ ಯಾವುದಕ್ಕೂ ಎಫ್‌ಐಆರ್ ಆಗಲಿ ಕೋರ್ಟಿನ ಆದೇಶವಾಗಲಿ ಮೊದಲೇ ಬೇಕಾಗಿಲ್ಲ.

ಇಷ್ಟೆಲ್ಲ ಇದ್ದೂ ಗಂಡನ ಸಹಿ ಹೋಗುತ್ತಿಲ್ಲ ಏಕೆ? ವೈದ್ಯರನ್ನೂ ನರ್ಸುಗಳನ್ನೂ ಬೈದು ಮುಗಿಸುವುದು ಸುಲಭ. ಅವರಲ್ಲಿ ಬಹುಪಾಲು ಜನ ಕೆಟ್ಟವರಲ್ಲ, ಹೆದರಿದವರು. ಆ ಹೆದರಿಕೆಗೆ ಲಿಖಿತ ಆಧಾರವಿದೆ, ಅದನ್ನು ನೇರವಾಗಿ ನೋಡಬೇಕು.

ಭಾರತೀಯ ವೈದ್ಯಕೀಯ ಪರಿಷತ್ತು 2002ರಲ್ಲಿ ಹೊರಡಿಸಿದ ವೃತ್ತಿ ನಡತೆಯ ನಿಯಮಾವಳಿಯಲ್ಲಿ 7.16 ಎಂಬ ನಿಯಮವಿದೆ. ಶಸ್ತ್ರಚಿಕಿತ್ಸೆಗೆ ಮುನ್ನ ಗಂಡ ಅಥವಾ ಹೆಂಡತಿಯಿಂದ, ಅಪ್ರಾಪ್ತರಾದರೆ ತಂದೆತಾಯಿ ಅಥವಾ ಪೋಷಕರಿಂದ, ಇಲ್ಲವೇ ಸಂದರ್ಭಕ್ಕೆ ತಕ್ಕಂತೆ ರೋಗಿಯಿಂದಲೇ ಲಿಖಿತ ಒಪ್ಪಿಗೆ ಪಡೆಯಬೇಕು ಎಂದು ಅದು ಹೇಳುತ್ತದೆ. ಯಾರ ದೇಹಕ್ಕೆ ಕತ್ತರಿ ಬೀಳುತ್ತದೋ ಆ ವ್ಯಕ್ತಿ ಈ ಪಟ್ಟಿಯಲ್ಲಿ ಬರುವುದು ಕೊನೆಗೆ. ಮುಂದಿನ ವಾಕ್ಯ ಇನ್ನೂ ಖಡಾಖಂಡಿತ: ಸಂತಾನಶಕ್ತಿ ನಷ್ಟವಾಗಬಹುದಾದ ಶಸ್ತ್ರಚಿಕಿತ್ಸೆಗೆ ಗಂಡ, ಹೆಂಡತಿ ಇಬ್ಬರ ಒಪ್ಪಿಗೆಯೂ ಬೇಕು. ಪಾಲಿಸದಿದ್ದರೆ ವೃತ್ತಿ ದುರ್ನಡತೆ. ಇದನ್ನು ಓದಿ ಪರೀಕ್ಷೆ ಬರೆದು ಹೊರಬಂದ ವೈದ್ಯರಿಗೆ ‘ಗರ್ಭಕೋಶದ ವಿಷಯ ಎಂದರೆ ಇಬ್ಬರ ಸಹಿ’ ಎಂಬುದು ತಲೆಯಲ್ಲಿ ಕೂತಿರುತ್ತದೆ. ಗರ್ಭಪಾತದಿಂದ ಸಂತಾನಶಕ್ತಿ ಹೋಗುವುದಿಲ್ಲ, ಆದ್ದರಿಂದ ಈ ನಿಯಮ ಅದಕ್ಕೆ ತಾಗುವುದೇ ಇಲ್ಲ ಎಂದು ನಿಂತು ಯೋಚಿಸುವವರು ಕಡಿಮೆ. ಸಂಸತ್ತು ಮಾಡಿದ ಕಾಯ್ದೆಯ ಎದುರು ಪರಿಷತ್ತಿನ ನಿಯಮ ನಿಲ್ಲುವುದಿಲ್ಲ ಎಂದು ಯೋಚಿಸುವವರು ಇನ್ನೂ ಕಡಿಮೆ.

ಪರಿಷತ್ತಿನ ಜಾಗಕ್ಕೆ 2020ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಬಂತು. ಆಯೋಗ 2023ರ ಆಗಸ್ಟ್‌ನಲ್ಲಿ ಹೊಸ ನಡತೆ ನಿಯಮಾವಳಿ ಹೊರಡಿಸಿತು. ಜೆನೆರಿಕ್ ಔಷಧದ ಹೆಸರನ್ನೇ ಬರೆಯಬೇಕೆಂಬ ನಿಯಮಕ್ಕೆ ವೈದ್ಯರ ವಿರೋಧ ಎದ್ದು, ಅದೇ ತಿಂಗಳ 23ರಂದು ಇಡೀ ನಿಯಮಾವಳಿಯನ್ನು ತಡೆಹಿಡಿಯಲಾಯಿತು. 2002ರದ್ದೇ ಮತ್ತೆ ಚಾಲ್ತಿಗೆ ಬಂತು. ಔಷಧದ ಜಗಳದ ಬಗ್ಗೆ ಪತ್ರಿಕೆಗಳು ಪುಟಗಟ್ಟಲೆ ಬರೆದವು. ಅದರ ಜೊತೆಗೆ 7.16 ಕೂಡ ಮರಳಿ ಜೀವ ಪಡೆಯಿತು ಎಂಬುದು ಚರ್ಚೆಗೇ ಬರಲಿಲ್ಲ ಎಂಬುದು ನನಗೆ ಈಗಲೂ ನೋವಿನ ಸಂಗತಿ.

ಹೆದರಿಕೆಯ ಎರಡನೆಯ ಮೂಲ 2007ರ ಸಮರ್ ಘೋಷ್ ಪ್ರಕರಣ. ಅದು ವಿಚ್ಛೇದನದ ಮೊಕದ್ದಮೆ. ಮಾನಸಿಕ ಕ್ರೌರ್ಯ ಎಂದರೇನು ಎಂಬುದಕ್ಕೆ ಸುಪ್ರೀಂ ಕೋರ್ಟು ಕೊಟ್ಟ ಉದಾಹರಣೆಗಳಲ್ಲಿ, ವೈದ್ಯಕೀಯ ಕಾರಣವಿಲ್ಲದೆ ಸಂಗಾತಿಗೆ ತಿಳಿಸದೆ ಸಂತಾನಹರಣ ಶಸ್ತ್ರಚಿಕಿತ್ಸೆ ಅಥವಾ ಗರ್ಭಪಾತ ಮಾಡಿಸಿಕೊಳ್ಳುವುದೂ ಸೇರಿತ್ತು. ಗಂಡ ಹೆಂಡಿರ ನಡುವಿನ ವಿಚ್ಛೇದನಕ್ಕೆ ಇದೊಂದು ಕಾರಣವಾಗಬಹುದು ಎಂಬುದಷ್ಟೇ ಅದರ ವ್ಯಾಪ್ತಿ. ಚಿಕಿತ್ಸೆ ಮಾಡಿದ ವೈದ್ಯರ ಮೇಲೆ ಅದು ಯಾವ ಹೊಣೆಯನ್ನೂ ಹೊರಿಸುವುದಿಲ್ಲ. ತನ್ನ ಒಪ್ಪಿಗೆಯಿಲ್ಲದೆ ಗರ್ಭಪಾತ ಆಯಿತೆಂದು ಹೆಂಡತಿ ಮತ್ತು ವೈದ್ಯರ ಮೇಲೆ ಪರಿಹಾರಕ್ಕಾಗಿ ದಾವೆ ಹೂಡಿದ್ದ ಒಬ್ಬ ಗಂಡನ ವಾದವನ್ನು ಪಂಜಾಬ್ ಮತ್ತು ಹರಿಯಾಣ ಹೈಕೋರ್ಟು 2011ರಲ್ಲಿ ತಳ್ಳಿಹಾಕಿತು, 2017ರಲ್ಲಿ ಸುಪ್ರೀಂ ಕೋರ್ಟೂ ಆತನ ಮೇಲ್ಮನವಿಯನ್ನು ವಜಾ ಮಾಡಿತು. ನಮ್ಮ ತಾಲ್ಲೂಕು ಆಸ್ಪತ್ರೆಗಳ ಗೋಡೆಯ ಮೇಲೆ ಅಂಟಿಸಬೇಕಾದ ತೀರ್ಪು ಅದು.

ಮೂರನೆಯದು ಎಲ್ಲಕ್ಕಿಂತ ಆಳದ್ದು. ನಮ್ಮ ದಂಡ ಸಂಹಿತೆಯಲ್ಲಿ ಗರ್ಭಪಾತ ಇಂದಿಗೂ ಅಪರಾಧ. ಹಳೆಯ ಐಪಿಸಿಯ 312ನೆಯ ಕಲಮು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 88ನೆಯ ಕಲಮಾಗಿ ಮುಂದುವರಿದಿದೆ. ಅದರಡಿ ಸ್ವತಃ ಆ ಹೆಂಗಸೂ ಆರೋಪಿಯಾಗಬಹುದು. ಎಂಟಿಪಿ ಕಾಯ್ದೆ ಮಾಡಿದ್ದು ಇಷ್ಟು: ಇಂತಿಂಥ ಷರತ್ತು ಪಾಲಿಸಿದ ವೈದ್ಯರಿಗೆ ಶಿಕ್ಷೆಯಿಲ್ಲ ಎಂದಿತು. ಹಾಗಾಗಿ ಕಾಯ್ದೆಯ ನಡುವೆ ನಿಂತಿರುವುದು ವೈದ್ಯರ ‘ಸದ್ಭಾವನೆಯ ಅಭಿಪ್ರಾಯ’. ಹೆಣ್ಣು ಒಪ್ಪಿಗೆ ಕೊಡಬಹುದು, ಬೇಡ ಎನ್ನಬಹುದು. ತೀರ್ಮಾನದ ಕಾಗದಕ್ಕೆ ಸಹಿ ಹಾಕುವವರು ವೈದ್ಯರು. ಜೈಲಿನ ಕಲಮಿನ ಪಕ್ಕದಲ್ಲಿ ಕೂತು ಕೆಲಸ ಮಾಡುವವರು ಕಾನೂನು ಕೇಳಿದ ಒಂದು ಸಹಿಯ ಜೊತೆಗೆ ಇನ್ನೆರಡು ಸಹಿ ಇರಲಿ ಎಂದುಕೊಳ್ಳುತ್ತಾರೆ. ಅವರ ಎದೆಯ ಭಾರ ಇಳಿಯುತ್ತದೆ. ಆ ಭಾರ ಹೋಗಿ ಕೂರುವುದು ಬಸ್ ನಿಲ್ದಾಣದಲ್ಲಿ ಕಾಯುತ್ತಿರುವ ಆ ಹೆಂಗಸಿನ ಮೇಲೆ.

ಒಪ್ಪಿಗೆ ರೋಗಿಯದೇ ಆಗಿರಬೇಕು ಎಂಬುದನ್ನು ನಮ್ಮ ನ್ಯಾಯಾಲಯ ಹೇಳಿ ಬಹಳ ವರ್ಷವಾಯಿತು. 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ, ಕೇವಲ ತಪಾಸಣೆಗೆಂದು ಅರಿವಳಿಕೆ ಪಡೆದಿದ್ದ 44 ವರ್ಷದ ಅವಿವಾಹಿತ ಮಹಿಳೆಯ ಗರ್ಭಕೋಶ, ಅಂಡಾಶಯಗಳನ್ನು ವೈದ್ಯರು ತೆಗೆದುಬಿಟ್ಟಿದ್ದರು. ಹೊರಗೆ ಕೂತಿದ್ದ ತಾಯಿ ಒಪ್ಪಿದ್ದರು ಎಂಬುದು ವೈದ್ಯರ ಸಮರ್ಥನೆ. ಹಿಂದೆ ಕರ್ನಾಟಕ ಹೈಕೋರ್ಟಿನಲ್ಲಿದ್ದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಬರೆದ ತೀರ್ಪು ಅದನ್ನು ಒಪ್ಪಲಿಲ್ಲ. ಪ್ರಾಣಾಪಾಯ ಇರಲಿಲ್ಲ, ರೋಗಿ ಎಚ್ಚರಗೊಳ್ಳುವವರೆಗೆ ಕಾಯಬಹುದಿತ್ತು, ವಯಸ್ಕಳ ಪರವಾಗಿ ತಾಯಿ ಕೊಟ್ಟ ಒಪ್ಪಿಗೆ ಒಪ್ಪಿಗೆಯೇ ಅಲ್ಲ ಎಂದಿತು. ಪರಿಹಾರವಾಗಿ ಆಕೆಗೆ ಸಿಕ್ಕಿದ್ದು 25,000 ರೂಪಾಯಿ, ತೀರಾ ಅಲ್ಪ. ಆದರೆ ಆ ತೀರ್ಪು ಇನ್ನೊಂದನ್ನೂ ಕಡ್ಡಾಯ ಮಾಡಿತು: ಏನು ಮಾಡುತ್ತೇವೆ, ಏಕೆ, ಅಪಾಯವೇನು, ಬೇರೆ ದಾರಿ ಏನಿದೆ ಎಂಬುದನ್ನು ರೋಗಿಗೆ ತಿಳಿಯುವಂತೆ ವಿವರಿಸಿ ಪಡೆದದ್ದು ಮಾತ್ರ ಒಪ್ಪಿಗೆ. ಇಂಗ್ಲಿಷಿನಲ್ಲಿ ಅಚ್ಚಾದ ಹಾಳೆಯನ್ನು ಕೊಂಕಣಿ ಮಾತಾಡುವ ಕುಣಬಿ ಹೆಂಗಸಿನ ಮುಂದಿಟ್ಟು, ‘ಇಲ್ಲಿ ಹೆಬ್ಬೆಟ್ಟು ಒತ್ತು’ ಎಂದರೆ ಅದು ಈ ಅಳತೆಗೆ ಕೂರುವುದಿಲ್ಲ. ಯಲ್ಲಾಪುರ, ಹಳಿಯಾಳದ ಸಿದ್ದಿಯರಿಗೂ ಭಟ್ಕಳದ ನವಾಯತಿ ಮಾತಾಡುವ ಮಹಿಳೆಯರಿಗೂ ಇದೇ ಮಾತು ಸಲ್ಲುತ್ತದೆ.

ಗರ್ಭಪಾತದಿಂದ ಆಚೆ ಬಂದರೆ, ‘ಆಪರೇಷನ್’ ಎಂಬ ಒಂದೇ ಮಾತಿನಲ್ಲಿ ಮನೆಮನೆಯಲ್ಲೂ ಗೊತ್ತಿರುವ ಸಂತಾನಹರಣ ಶಸ್ತ್ರಚಿಕಿತ್ಸೆ ಇದೆ. 2019ರಿಂದ 2021ರವರೆಗಿನ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಿವಾಹಿತ ದಂಪತಿಗಳಲ್ಲಿ ಶೇ 37.9ರಷ್ಟು ಕಡೆ ಹೆಂಡತಿಗೆ ಈ ಶಸ್ತ್ರಚಿಕಿತ್ಸೆ ಆಗಿದೆ, ಶೇ 0.3ರಷ್ಟು ಕಡೆ ಮಾತ್ರ ಗಂಡನಿಗೆ. ಗಂಡಸಿನ ಶಸ್ತ್ರಚಿಕಿತ್ಸೆ ಸರಳ, ಹೊಟ್ಟೆ ತೆರೆಯಬೇಕಿಲ್ಲ, ಅದೇ ದಿನ ಮನೆಗೆ ಹೋಗಬಹುದು. ಆದರೂ ಲೆಕ್ಕ ಹೀಗಿದೆ. 7.16ನ್ನು ಈ ಅಂಕಿಗಳ ಪಕ್ಕದಲ್ಲಿಟ್ಟು ಓದಿದರೆ ಅದರ ನಿಜರೂಪ ತಿಳಿಯುತ್ತದೆ. ‘ಗಂಡ ಹೆಂಡತಿ ಇಬ್ಬರ ಒಪ್ಪಿಗೆ’ ಎಂಬ ನಿಯಮ ಮೇಲ್ನೋಟಕ್ಕೆ ಇಬ್ಬರಿಗೂ ಸಮ. ಆದರೆ ಚಿಕಿತ್ಸೆಯ ಮೇಜಿನ ಮೇಲೆ ಮಲಗುವವಳು ನೂರಕ್ಕೆ ತೊಂಬತ್ತೊಂಬತ್ತು ಪಾಲು ಹೆಣ್ಣೇ ಆದಾಗ, ಒಪ್ಪಿಗೆ ಕೊಡುವ ಅಧಿಕಾರ ಗಂಡಿನದು, ನೋವು ಹೆಣ್ಣಿನದು ಎಂದಾಗುತ್ತದೆ. ಕೇಂದ್ರ ಆರೋಗ್ಯ ಸಚಿವಾಲಯದ್ದೇ ಮಾನದಂಡಗಳು ಈ ಶಸ್ತ್ರಚಿಕಿತ್ಸೆಗೆ ಸಂಗಾತಿಯ ಒಪ್ಪಿಗೆ ಬೇಕಿಲ್ಲ ಎನ್ನುತ್ತವೆ. ಹಾಗಾಗಿ ಒಂದೇ ಶಸ್ತ್ರಚಿಕಿತ್ಸೆಯ ಬಗ್ಗೆ ಸಚಿವಾಲಯ ಬೇಡ ಎನ್ನುತ್ತದೆ, ವೈದ್ಯರ ನಡತೆ ನಿಯಮ ಬೇಕು ಎನ್ನುತ್ತದೆ. ನಡುವೆ ಸಿಕ್ಕ ವೈದ್ಯರು ಬೇಕು ಎನ್ನುವ ಕಡೆಗೇ ವಾಲುತ್ತಾರೆ.

ವಿಪರೀತ ರಕ್ತಸ್ರಾವದಿಂದ ಬಳಲುವ, ಗರ್ಭಕೋಶ ತೆಗೆಸಲೇಬೇಕಾದ ನಲವತ್ತೆಂಟರ ಹೆಂಗಸನ್ನು ನೆನೆಸಿಕೊಳ್ಳಿ. ಮಕ್ಕಳು ದೊಡ್ಡವರಾಗಿದ್ದಾರೆ, ಮಕ್ಕಳು ಬೇಕೆಂಬ ಪ್ರಶ್ನೆಯೇ ಇಲ್ಲ. ಆಕೆಗೂ ಈ ನಿಯಮ ಗಂಡನ ಸಹಿ ಕೇಳುತ್ತದೆ. ಇನ್ನೊಂದು ಕಡೆ, ಬೇಡದ ಗರ್ಭಕೋಶ ಶಸ್ತ್ರಚಿಕಿತ್ಸೆಗಳ ಹಾವಳಿಯ ಬಗ್ಗೆ 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಎಲ್ಲ ರಾಜ್ಯಗಳಿಗೂ ನಿರ್ದೇಶನ ಕೊಡಬೇಕಾಗಿ ಬಂತು. ಆ ಶಸ್ತ್ರಚಿಕಿತ್ಸೆಗಳನ್ನು ಮನೆಯವರ ಸಹಿ ತಡೆದಿತ್ತೇ? ಇಲ್ಲ. ಸಹಿ ಇದ್ದ ಕಡೆಯೂ ಅವು ನಡೆದವು. ತಡೆಯಬಲ್ಲದ್ದು ಬೇರೆ: ಇನ್ನೊಬ್ಬ ವೈದ್ಯರ ಅಭಿಪ್ರಾಯ, ಔಷಧದಿಂದ ಗುಣವಾಗುವ ದಾರಿಯ ವಿವರಣೆ, ಆಕೆಗೆ ಯೋಚಿಸಲು ಸಮಯ.

ಇನ್ನೊಂದು ಗೊಂದಲ 1994ರ ಲಿಂಗಪತ್ತೆ ನಿಷೇಧ ಕಾಯ್ದೆಯದು. ಈ ಕಾಯ್ದೆ ಬೇಕೇ ಬೇಕು. 2023ರ ಕೊನೆಯಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಹೆಣ್ಣು ಭ್ರೂಣ ಪತ್ತೆ ಮಾಡುತ್ತಿದ್ದ ಜಾಲ ಬಯಲಾದದ್ದನ್ನು ಯಾರೂ ಮರೆತಿಲ್ಲ. ಆದರೆ ಆ ಕಾಯ್ದೆ ಶಿಕ್ಷಿಸುವುದು ಲಿಂಗ ಪತ್ತೆ ಮಾಡಿ ಹೇಳುವುದನ್ನು. ಕಾನೂನುಬದ್ಧ ಗರ್ಭಪಾತವನ್ನು ಅದು ಮುಟ್ಟುವುದೇ ಇಲ್ಲ. ಪ್ರತಿ ಹಗರಣದ ಬೆನ್ನಿಗೆ ತಪಾಸಣೆ ಬಿಗಿಯಾಗುತ್ತದೆ, ತಪಾಸಣೆಗೆ ಅಂಜಿ ಹನ್ನೆರಡು ವಾರ ದಾಟಿದ ಯಾವ ಗರ್ಭಪಾತವನ್ನೂ ಮಾಡದಿರುವುದೇ ಕ್ಷೇಮ ಎಂದು ಆಸ್ಪತ್ರೆಗಳು ತೀರ್ಮಾನಿಸುತ್ತವೆ, ಔಷಧದಂಗಡಿಗಳು ಗರ್ಭಪಾತದ ಮಾತ್ರೆ ಇಡುವುದನ್ನೇ ಬಿಡುತ್ತವೆ. ಒಬ್ಬಳು ಮಗಳಿರುವ ತಾಯಿ ಎರಡನೆಯ ಬಸಿರು ಬೇಡ ಎಂದು ಬಂದರೆ ಸಂಶಯದ ಕಣ್ಣು ಅವಳ ಮೇಲೆ ಬೀಳುತ್ತದೆ. ಆ ಕಾಯ್ದೆಯ 24ನೆಯ ಕಲಮು ಮಾತ್ರ ವಾಸ್ತವವನ್ನು ಬಲ್ಲದ್ದು. ಲಿಂಗಪತ್ತೆಗೆ ಹೆಣ್ಣು ಒಳಗಾದರೆ, ಗಂಡ ಅಥವಾ ಸಂಬಂಧಿಕರು ಅವಳನ್ನು ಒತ್ತಾಯಿಸಿದರೆಂದೇ ಕಾನೂನು ಮೊದಲು ಭಾವಿಸಬೇಕು ಎನ್ನುತ್ತದೆ. ಒಂದು ಕಾಯ್ದೆ ಯಾರ ಒತ್ತಡವನ್ನು ಅನುಮಾನಿಸುತ್ತದೋ, ಅವರದೇ ಸಹಿಯನ್ನು ಇನ್ನೊಂದು ಕೊಠಡಿಯಲ್ಲಿ ರಕ್ಷಣೆ ಎಂದು ಕೇಳಲಾಗುತ್ತದೆ.

ಹದಿನೆಂಟು ತುಂಬದವರ ಪಾಡು ಬೇರೆ. ಅಂಥ ಹುಡುಗಿ ಗರ್ಭಿಣಿಯಾಗಿ ಬಂದರೆ, ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸಲು ಇರುವ ಪೋಕ್ಸೊ ಕಾಯ್ದೆಯ 19ನೆಯ ಕಲಮಿನಂತೆ ವೈದ್ಯರು ಪೊಲೀಸರಿಗೆ ತಿಳಿಸಲೇಬೇಕು. ಪೊಲೀಸ್ ಜೀಪು ಮನೆ ಬಾಗಿಲಿಗೆ ಬರುತ್ತದೆ ಎಂಬ ಅಂಜಿಕೆಯಲ್ಲಿ ಮನೆಯವರು ಹುಡುಗಿಯನ್ನು ನಾಟಿ ಔಷಧಕ್ಕೋ ಕಳ್ಳ ಚಿಕಿತ್ಸೆಗೋ ಒಯ್ಯುತ್ತಾರೆ. ಹುಡುಗಿ ಮತ್ತು ಪೋಷಕರು ಕೋರಿದರೆ ವೈದ್ಯರು ಕೊಡುವ ಮಾಹಿತಿಯಲ್ಲಿ ಅವಳ ಹೆಸರು, ಗುರುತು ಬೇಕಿಲ್ಲ ಎಂದು 2022ರ ತೀರ್ಪು ಹೇಳಿದೆ. ಇದು ಎಷ್ಟು ಪೊಲೀಸ್ ಠಾಣೆಗಳಿಗೆ, ಎಷ್ಟು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಸುತ್ತೋಲೆಯಾಗಿ ತಲುಪಬೇಕೋ ಅಷ್ಟಕ್ಕೂ ತಲುಪಬೇಕು.

ಹೆಸರಿನ ಮಾತು ದೊಡ್ಡವರಿಗೂ ಅಷ್ಟೇ ಮುಖ್ಯ. ನಮ್ಮ ಊರುಗಳಲ್ಲಿ ಆಶಾ ಕಾರ್ಯಕರ್ತೆ ಪಕ್ಕದ ಮನೆಯವರು, ಔಷಧದಂಗಡಿಯವರು ದೂರದ ನೆಂಟರು, ಬಸ್ಸಿನ ಕಂಡಕ್ಟರಿಗೂ ಯಾರು ಯಾವ ನಿಲ್ದಾಣದಲ್ಲಿ ಇಳಿದರೆಂಬುದು ಗೊತ್ತು. ಎಂಟಿಪಿ ನಿಯಮಗಳ ಪ್ರಕಾರ ದಾಖಲಾತಿ ಪುಸ್ತಕ ಗೋಪ್ಯ ದಾಖಲೆ. ರೋಗಿಯ ಕಡತ, ಶಸ್ತ್ರಚಿಕಿತ್ಸಾ ಕೊಠಡಿಯ ಪುಸ್ತಕ ಇಲ್ಲೆಲ್ಲ ಹೆಸರು ಬರೆಯದೆ ಕ್ರಮಸಂಖ್ಯೆ ಮಾತ್ರ ಬರೆಯಬೇಕು. 2021ರ ತಿದ್ದುಪಡಿ ಗುಟ್ಟು ಬಿಟ್ಟುಕೊಟ್ಟ ವೈದ್ಯರಿಗೆ ಒಂದು ವರ್ಷದವರೆಗೆ ಜೈಲುಶಿಕ್ಷೆ ಇಟ್ಟಿದೆ. ಗಂಡನನ್ನು ಕರೆಸುವುದು, ಅತ್ತೆಗೆ ಫೋನ್ ಮಾಡುವುದು ಕೂಡ ಗುಟ್ಟು ಬಿಟ್ಟುಕೊಟ್ಟಂತೆಯೇ ಎಂಬುದು ಆಸ್ಪತ್ರೆಗಳಿಗೆ ಹೊಳೆದಂತಿಲ್ಲ. ಹೊಡೆಯುವ ಗಂಡನಿಂದ ಬಚ್ಚಿಟ್ಟುಕೊಂಡು ಬಂದವಳಿಗೆ ಆ ಒಂದು ಫೋನ್ ಕರೆ ಏನು ಮಾಡಬಹುದು ಎಂದು ವಿವರಿಸಬೇಕಿಲ್ಲ.

ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಎಂಬ ಕೂಗು ವರ್ಷಗಳಿಂದ ಇದೆ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರಿನ ಬಳಿ ಶಿರೂರು ಟೋಲ್‌ಗೇಟಿನಲ್ಲಿ ಅಪಘಾತಕ್ಕೀಡಾಗಿ ನಾಲ್ವರು ತೀರಿಕೊಂಡ ಮೇಲೆ ಆ ಕೂಗು ಬೀದಿಗೆ ಬಂತು. ಆ ಬೇಡಿಕೆಯ ಜೊತೆ ನಾನೂ ನಿಲ್ಲುತ್ತೇನೆ. ಆದರೆ ಅಲ್ಲಿ ಮಾತು ಬರುವುದು ಹೃದಯಾಘಾತ, ಅಪಘಾತ, ಮೆದುಳಿನ ರಕ್ತಸ್ರಾವದ ಬಗ್ಗೆ. ಎಂಟನೆಯ ವಾರ ಹದಿನಾಲ್ಕನೆಯ ವಾರವಾಗಿ ಬದಲಾಗುವ ಸದ್ದಿಲ್ಲದ ವಿಳಂಬ ಆ ಬೇಡಿಕೆಪಟ್ಟಿಯಲ್ಲಿ ಇಲ್ಲ. ಅದನ್ನು ತಪ್ಪಿಸಲು ಕೋಟಿಗಟ್ಟಲೆಯ ಕಟ್ಟಡವೂ ಬೇಕಿಲ್ಲ. ಸರ್ಕಾರಿ ಆಸ್ಪತ್ರೆಗೆ ಗರ್ಭಪಾತ ಮಾಡಲು ಪ್ರತ್ಯೇಕ ಮಾನ್ಯತೆ ಬೇಡ, ಕಾಯ್ದೆಯೇ ಅದನ್ನು ಅನುಮೋದಿತ ಜಾಗವೆಂದು ಗುರುತಿಸಿದೆ. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ತರಬೇತಿ ಪಡೆದ ಒಬ್ಬ ಎಂಬಿಬಿಎಸ್ ವೈದ್ಯರಿದ್ದರೆ ಹನ್ನೆರಡು ವಾರದೊಳಗಿನ ಬಹುತೇಕರು ಊರು ಬಿಡಬೇಕಾಗಿಲ್ಲ. ಆ ತರಬೇತಿಯನ್ನು ಕಾರವಾರದ ವೈದ್ಯಕೀಯ ಕಾಲೇಜು ಕೊಡಬಹುದು.

ಒಪ್ಪಿಗೆಯ ವಿಷಯದಲ್ಲಿ ಮಾದರಿಯೂ ನಮ್ಮ ಕಾನೂನಿನಲ್ಲೇ ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯಡಿ ಯಾವ ವಯಸ್ಕರೂ ಬಿಳಿ ಹಾಳೆಯಲ್ಲಿ ಬರೆದು ಸಹಿ ಮಾಡಿ, ತಮಗೆ ಬೇಕಾದವರನ್ನು ಪ್ರತಿನಿಧಿಯಾಗಿ ನೇಮಿಸಿಕೊಳ್ಳಬಹುದು. ಗಂಡನೇ ಆಗಬೇಕಿಲ್ಲ; ಅಕ್ಕ, ಗೆಳತಿ, ಸಂಘದ ಸದಸ್ಯೆ ಯಾರೂ ಆಗಬಹುದು. ಹೆರಿಗೆ ವಿಭಾಗಕ್ಕೂ ಇದನ್ನೇ ತಂದರೆ, ಪ್ರಜ್ಞೆ ತಪ್ಪಿದರೆ ಯಾರನ್ನು ಕೇಳಬೇಕು ಎಂಬ ಆಸ್ಪತ್ರೆಯ ನ್ಯಾಯವಾದ ಚಿಂತೆ ನೀಗುತ್ತದೆ, ಆಯ್ಕೆ ಹೆಣ್ಣಿನ ಕೈಯಲ್ಲೇ ಉಳಿಯುತ್ತದೆ.

ಅಲ್ಲಿಯವರೆಗೆ ಒಬ್ಬಳೇ ಹೋದವಳು ಮಾಡಬಹುದಾದದ್ದು ಇದು. ನಮೂನೆ ಸಿ ಕೊಡಿ ಎಂದು ಹೆಸರು ಹಿಡಿದು ಕೇಳಬೇಕು. ಗಂಡನ ಸಹಿ ಬೇಕು ಎಂದರೆ, ಯಾವ ನಿಯಮದಡಿ ಎಂದು ಬರೆದುಕೊಡಿ ಎನ್ನಬೇಕು. ಬರೆದುಕೊಡಲು ಕೈ ಹಿಂಜರಿಯುತ್ತದೆ, ಏಕೆಂದರೆ ಗರ್ಭಪಾತಕ್ಕೆ ಅಂಥ ನಿಯಮ ಇಲ್ಲ. ಖಾಸಗಿ ಆಸ್ಪತ್ರೆಯಾದರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಜಿಲ್ಲಾಧಿಕಾರಿಯವರ ಅಧ್ಯಕ್ಷತೆಯ ಕುಂದುಕೊರತೆ ಪ್ರಾಧಿಕಾರಕ್ಕೆ ದೂರು ಕೊಡಬಹುದು, ಸರ್ಕಾರಿ ಆಸ್ಪತ್ರೆಯಾದರೆ ಜಿಲ್ಲಾ ಆರೋಗ್ಯಾಧಿಕಾರಿಗೆ. ಆದಾಯ ಎಷ್ಟೇ ಇರಲಿ, ಎಲ್ಲ ಮಹಿಳೆಯರಿಗೂ ಕಾನೂನು ಸೇವೆಗಳ ಪ್ರಾಧಿಕಾರದ ವಕೀಲರ ನೆರವು ಉಚಿತ, ಸಹಾಯವಾಣಿ 15100. ಗಡಿ ದಾಟಿ ಗೋವಾಕ್ಕೆ ಹೋದರೂ ಎಂಟಿಪಿ ಕಾಯ್ದೆ ಅದೇ, ಇಂಥ ರಾಜ್ಯದ ನಿವಾಸಿಯಾಗಿರಬೇಕು ಎಂಬ ಷರತ್ತು ಅದರಲ್ಲಿ ಇಲ್ಲ.

ರಾಷ್ಟ್ರೀಯ ವೈದ್ಯಕೀಯ ಆಯೋಗ ತಡೆಹಿಡಿದ ನಿಯಮಾವಳಿಯನ್ನು ಇಂದಲ್ಲ ನಾಳೆ ಹೊಸದಾಗಿ ತರಲೇಬೇಕು. ಆಗ ಔಷಧದ ಹೆಸರಿನ ಬಗ್ಗೆ ಮಾತ್ರ ಅಭಿಪ್ರಾಯಗಳು ಹೋದರೆ ಸಾಲದು. ನಮ್ಮ ಜಿಲ್ಲೆಯ ಮಹಿಳಾ ಸಂಘಗಳು, ಮೀನುಗಾರ ಮಹಿಳೆಯರ ಸಂಘಗಳು, ವೈದ್ಯರ ಸಂಘದ ಶಾಖೆಗಳು 7.16ರ ಎರಡೂ ವಾಕ್ಯಗಳನ್ನು ತೆಗೆದು, ವಯಸ್ಕ ರೋಗಿಯ ಒಪ್ಪಿಗೆಯನ್ನು ರೋಗಿಯಿಂದಲೇ ಪಡೆಯಬೇಕು ಎಂದು ಬರೆಯಿರಿ ಎಂದು ಆಯೋಗಕ್ಕೆ ಲಿಖಿತವಾಗಿ ತಿಳಿಸಬೇಕು.